‘ನಷ್ಟ’ದ ಲೆಕ್ಕ ಬೇರೆ ಬರೆಯಿರಿ: ರಿಫೈನರಿ ನಡೆಸುವವರಿಗೂ ಪರವಾನಗಿ ಕೊಡುವವರಿಗೂ ಒಂದು ಬಹಿರಂಗ ಪತ್ರ

ಮಾನ್ಯರೇ,

ರಿಫೈನರಿಯೊಂದರ ಕಲುಷಿತ ನೀರಿನ ಘಟಕದಲ್ಲಿ ಪಾಳಿ ಮಾಡುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು ನಾನು. ಅಲ್ಲಿ ಆ ಘಟಕವನ್ನು ಯಾರೂ ಪೂರ್ತಿ ಹೆಸರಿನಿಂದ ಕರೆಯುವುದಿಲ್ಲ, ಇಟಿಪಿ ಅಂದರೆ ಮುಗಿಯಿತು. ಕಾರ್ಖಾನೆಯ ಕಟ್ಟಕಡೆಯ ಮೂಲೆ, ತಗ್ಗಿನ ಜಾಗ. ಮೇಲೆ ಎಲ್ಲಿ ಏನು ಚೆಲ್ಲಿದರೂ ಇಳಿಜಾರು ಹಿಡಿದು ಅಲ್ಲಿಗೇ ಬರುತ್ತದೆ. ಹಾಗಾಗಿ ಆ ದಿನ ಕಾರ್ಖಾನೆ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ನಮಗೆ ಕಂಟ್ರೋಲ್ ರೂಮಿನ ಪರದೆ ಬೇಕಿರಲಿಲ್ಲ. ತೊಟ್ಟಿಯ ಮೇಲೆ ತೇಲುವ ಎಣ್ಣೆಯ ಬಣ್ಣ ನೋಡಿದರೆ ಸಾಕಿತ್ತು. ಈಗ ನಿವೃತ್ತ. ಹಳೆಯ ಸಿಟ್ಟು ತೀರಿಸಿಕೊಳ್ಳುವ ಇರಾದೆ ಇಲ್ಲ. ಲೆಕ್ಕದ ಪುಸ್ತಕದ ಒಂದು ಸಾಲಿನ ಬಗ್ಗೆ ಮಾತಾಡಬೇಕಿದೆ.

ನಿಮ್ಮ ತಿಂಗಳ ಲೆಕ್ಕದಲ್ಲಿ ‘ಇಂಧನ ಮತ್ತು ನಷ್ಟ’ ಎಂಬ ಸಾಲು ಇರುತ್ತದೆ. ಒಳಗೆ ಬಂದ ಕಚ್ಚಾ ತೈಲದ ತೂಕದಲ್ಲಿ ಹೊರಗೆ ಹೋದ ಸರಕಿನ ತೂಕ ಕಳೆದರೆ ಉಳಿಯುವುದು ಅದು. ಅದರ ದೊಡ್ಡ ಪಾಲು ನಿಮ್ಮದೇ ಕುಲುಮೆ, ಬಾಯ್ಲರುಗಳಲ್ಲಿ ಉರಿದದ್ದು. ಅದಕ್ಕೆ ಮೀಟರ್ ಇದೆ, ತಕರಾರಿಲ್ಲ. ಉಳಿದದ್ದು ನಷ್ಟ. ಫ್ಲೇರಿನಲ್ಲಿ, ಅಂದರೆ ಮಿಕ್ಕ ಅನಿಲ ಸುಡುವ ಎತ್ತರದ ಕೊಳವೆಯಲ್ಲಿ, ಉರಿದು ಹೋದದ್ದು, ಟ್ಯಾಂಕಿನ ಸೀಲಿನಿಂದ ಆವಿಯಾದದ್ದು, ಚರಂಡಿಗೆ ಇಳಿದದ್ದು, ಕೆಸರಿನಲ್ಲಿ ಸಿಕ್ಕಿಬಿದ್ದದ್ದು, ಮೀಟರುಗಳ ತಪ್ಪು, ಎಲ್ಲವೂ ಅದೇ ಗಂಟಿನಲ್ಲಿ. ಶೇಕಡಾವಾರು ನೋಡಿದರೆ ಕಣ್ಣಿಗೆ ಕಾಣದಷ್ಟು ಚಿಕ್ಕದು. ಆದರೆ ವರ್ಷಕ್ಕೆ 1 ಕೋಟಿ ಟನ್ ತೈಲ ಸಂಸ್ಕರಿಸುವ ಕಾರ್ಖಾನೆಯಲ್ಲಿ ಸಾವಿರಕ್ಕೆ ಒಂದು ಪಾಲು ಎಂದರೂ 10,000 ಟನ್ ಆಗುತ್ತದೆ. ಬೇಲಿಯ ಒಳಗೆ ಅದಕ್ಕೆ ನಷ್ಟ ಎಂದು ಹೆಸರು. ಬೇಲಿ ದಾಟಿದ ಮೇಲೆ ಜನ ಅದನ್ನೇ ಮಾಲಿನ್ಯ ಅನ್ನುತ್ತಾರೆ. ಆ ಸಾಲನ್ನು ಒಡೆದು, ಎಲ್ಲಿ ಎಷ್ಟು ಹೋಯಿತು ಎಂದು ಜಾಗವಾರು ಬರೆದು, ಜನರ ಮುಂದಿಡಿ ಎಂಬುದಷ್ಟೇ ನನ್ನ ಬೇಡಿಕೆ. ಯಾಕೆ ಎಂದು ಹೇಳುತ್ತೇನೆ.

ಒಂದು ರಾತ್ರಿ ಪಾಳಿ. ಎರಡು ಗಂಟೆ ದಾಟಿತ್ತು. ನಮ್ಮಲ್ಲಿಗೆ ಬರುವ ನೀರು ಮೊದಲು ಎಪಿಐ ಸೆಪರೇಟರಿಗೆ ಬೀಳುತ್ತದೆ. ಉದ್ದನೆಯ ಕಾಂಕ್ರೀಟ್ ತೊಟ್ಟಿ ಅದು. ನೀರು ಮೆಲ್ಲಗೆ ಸಾಗುತ್ತಿದ್ದಂತೆ ಎಣ್ಣೆ ತಾನಾಗಿ ಮೇಲೆ ತೇಲುತ್ತದೆ, ಅದನ್ನು ಬಾಚಿ ತೆಗೆಯುತ್ತೇವೆ. ಸಾಮಾನ್ಯವಾಗಿ ಬೆರಳು ದಪ್ಪದ ಮಾಸಲು ಪದರ ಇರುತ್ತದೆ. ಆ ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಗೇಣು ದಪ್ಪಕ್ಕೆ ಕಡುಗಂದು ಬಣ್ಣದ ಹೊಚ್ಚ ಹೊಸ ಕಚ್ಚಾ ತೈಲ, ನನ್ನ ಟಾರ್ಚನ್ನೇ ನನಗೆ ತಿರುಗಿ ತೋರಿಸುವಷ್ಟು ಹೊಳಪು. ಹೆಲ್ಪರನನ್ನು ಕರೆದುಕೊಂಡು ಚರಂಡಿಯ ಗುಂಡಿಗಳನ್ನು ಒಂದೊಂದಾಗಿ ನೋಡುತ್ತ ಮೇಲಕ್ಕೆ ನಡೆದೆ. ಒಂದು ಕವಲಿನಲ್ಲಿ ಬರೀ ನೀರು, ಇನ್ನೊಂದರಲ್ಲಿ ಎಣ್ಣೆ. ಎಣ್ಣೆಯ ಜಾಡು ಹಿಡಿದು ಹೋದರೆ ಮುಕ್ಕಾಲು ಗಂಟೆಯ ಮೇಲೆ ಕಚ್ಚಾ ತೈಲದ ಟ್ಯಾಂಕೊಂದರ ಬುಡಕ್ಕೆ ಬಂದು ನಿಂತೆವು. ತಳದ ನೀರು ಬಸಿಯುವ ವಾಲ್ವ್ ಪೂರ್ತಿ ತೆರೆದಿತ್ತು. ನೀರು ಯಾವಾಗಲೋ ಮುಗಿದಿತ್ತು.

ವಾಲ್ವ್ ತೆರೆದ ಹುಡುಗ ಮೂರು ಟ್ಯಾಂಕುಗಳನ್ನು ಒಟ್ಟಿಗೇ ಬಸಿಯಲು ಬಿಟ್ಟು ನಾಲ್ಕನೆಯದರ ಅಳತೆ ಹಿಡಿಯಲು ಹೋಗಿದ್ದ. ಮೊದಲು ಆ ಕೆಲಸಕ್ಕೆ ಇಬ್ಬರಿದ್ದರು, ಆಗ ಒಬ್ಬನೇ. ಮರುದಿನ ಅವನಿಗೆ ಮೆಮೊ ಬಂತು. ನಮ್ಮ ಘಟಕಕ್ಕೂ ಒಂದು ಪತ್ರ: ಹೊರಗೆ ಹೋಗುವ ನೀರಿನಲ್ಲಿ ಎಣ್ಣೆ ಮಿತಿ ಮೀರಿದ್ದೇಕೆ, ವಿವರಣೆ ಕೊಡಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಹಾಗೆ. ಎಣ್ಣೆ–ನೀರಿನ ಗಡಿ ಗುರುತಿಸಿ ಎಚ್ಚರಿಸುವ ಪ್ರೋಬ್ ಒಂದನ್ನು ಟ್ಯಾಂಕಿನ ಬುಡಕ್ಕೆ ಹಾಕಿಸಿ ಎಂದು ನಾವು ಕೇಳಿದ್ದು ಮಾತ್ರ ‘ಮುಂದಿನ ಬಜೆಟ್’ ನೋಡಲು ಹೋಯಿತು. ಆ ರಾತ್ರಿಯ ಲಾಗ್ ಬುಕ್ಕಿನಲ್ಲಿ ನಾನು ಬರೆದ ಸಾಲು ಇಷ್ಟೇ: ‘ಎಣ್ಣೆ ಹೆಚ್ಚು ಬಂತು, ಬಾಚಿ ತೆಗೆಯಲಾಯಿತು.’ ಎಲ್ಲಿಂದ ಬಂತು ಎಂದು ಬರೆಯಲು ಆ ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಬಾಚಿ ತೆಗೆದರೆ ಎಣ್ಣೆ ಮರಳಿ ಸಿಕ್ಕಿತಲ್ಲ, ನಷ್ಟವೇನು ಎಂದು ನೀವು ಕೇಳಬಹುದು. ಮೇಲಿನವರು ನನ್ನನ್ನೂ ಹಾಗೇ ಕೇಳಿದ್ದರು. ಸೆಪರೇಟರ್ ಹಿಡಿಯುವುದು ಸುಮಾರು 150 ಮೈಕ್ರಾನಿಗಿಂತ ದೊಡ್ಡ ಹನಿಗಳನ್ನು, ಅಂದರೆ ಮಿಲಿಮೀಟರಿನ ಏಳನೆಯ ಒಂದು ಪಾಲಿನಷ್ಟು ಗಾತ್ರದವನ್ನು. ಎಣ್ಣೆ ನೀರಿನ ಮೇಲೆ ಸುಮ್ಮನೆ ಹರಿದು ಬಂದರೆ ಸಿಗುತ್ತದೆ. ಅದೇ ಮಿಶ್ರಣವನ್ನು ದಾರಿಯಲ್ಲಿ ಒಂದು ಪಂಪ್ ಕಡೆದು ಕಳಿಸಿದರೆ, ನೆಲ ತೊಳೆದ ಸೋಪಿನ ನೀರು ಅದಕ್ಕೆ ಸೇರಿದರೆ, ಹನಿ ಒಡೆದು ಪುಡಿಯಾಗಿ ನೀರಿನಲ್ಲೇ ನಿಂತುಬಿಡುತ್ತದೆ. ಅದನ್ನು ಬಿಡಿಸಲು ರಾಸಾಯನಿಕ ಸುರಿಯಬೇಕು, ಗಾಳಿಗುಳ್ಳೆ ಬಿಟ್ಟು ತೇಲಿಸಬೇಕು. ಆಗ ಮೇಲೆ ಬರುವುದು ಎಣ್ಣೆಯಲ್ಲ, ನೊರೆಗೂಡಿದ ಕೆಸರು. ಒಂದು ಹನಿ ಎಣ್ಣೆಗೆ ಅದರ ಹಲವು ಪಟ್ಟು ಕೆಸರು ಕಟ್ಟಿಕೊಂಡಂತಾಯಿತು.

ಬಾಚಿ ತೆಗೆದ ಎಣ್ಣೆಯ ಕಥೆ ಇನ್ನೂ ಸೊಗಸು. ಅದಕ್ಕೆ ಸ್ಲಾಪ್ ಎಂದು ಹೆಸರು. ಅದು ಸ್ಲಾಪ್ ಟ್ಯಾಂಕಿಗೆ ಹೋಗುತ್ತದೆ, ಅಲ್ಲಿಂದ ಕಚ್ಚಾ ತೈಲಕ್ಕೆ ಬೆರೆತು ಮತ್ತೆ ಸಂಸ್ಕರಣೆಗೆ. ಅದರ ಜೊತೆಗೆ ಬಿಡಿಸಲಾಗದ ನೀರು, ಸಣ್ಣ ಮಣ್ಣು, ಮೇಣವೂ ಹೋಗುತ್ತವೆ. ಕಚ್ಚಾ ತೈಲದ ಉಪ್ಪು ತೊಳೆಯುವ ಡೀಸಾಲ್ಟರಿಗೆ ಇದು ಸೇರಿದ ಕೂಡಲೇ ಅದರೊಳಗಿನ ಎಣ್ಣೆ–ನೀರಿನ ಗಡಿ ಕದಡಿ ನಡುವೆ ದಪ್ಪ ಪದರ ಕಟ್ಟುತ್ತದೆ. ಡೀಸಾಲ್ಟರಿನ ತಳದಿಂದ ಬರುವ ಉಪ್ಪುನೀರು ಕಪ್ಪಗಾಗುತ್ತದೆ. ಆ ನೀರು ಹೋಗುವುದು ಎಲ್ಲಿಗೆ? ಇಟಿಪಿಗೆ. ನಾವು ಸೋಮವಾರ ಬಾಚಿ ಕಳಿಸಿದ ಎಣ್ಣೆ ಗುರುವಾರ ಮತ್ತೆ ನಮ್ಮ ತೊಟ್ಟಿಯಲ್ಲಿ ಹಾಜರು; ಗುರುತಿನವರನ್ನು ಕಂಡ ಹಾಗಾಗುತ್ತಿತ್ತು. ಪ್ರತಿ ಸುತ್ತಿನಲ್ಲೂ ಒಂದಷ್ಟು ಆವಿ, ಒಂದಷ್ಟು ಕೆಸರು. ಸ್ಲಾಪ್ ಎಷ್ಟು ಹುಟ್ಟುತ್ತಿದೆ ಎಂಬ ಒಂದು ಅಂಕಿ ಸಾಕು, ಆ ರಿಫೈನರಿಯ ಶಿಸ್ತು ಹೇಗಿದೆ ಎಂದು ಹೇಳಲು. ಆದರೆ ಅದನ್ನು ನಿಮ್ಮ ವಾರ್ಷಿಕ ವರದಿಗಳಲ್ಲಿ ಹುಡುಕಿ ನೋಡಿ. ಮರ ನೆಟ್ಟ ಫೋಟೊ ಸಿಗುತ್ತದೆ.

ಕೆಸರಿನ ವಿಷಯದಲ್ಲಿ ಹೊಸ ಯಂತ್ರಗಳಿಗೆ ನಾನು ವಿರೋಧಿಯಲ್ಲ. ಟ್ಯಾಂಕಿನ ತಳದ ಕೆಸರನ್ನು ಕಾಯಿಸಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಎಣ್ಣೆ ಬೇರೆಯಾಗುತ್ತದೆ. ಭಾರವಾದ ತಳತೈಲವನ್ನು ಕಾಯಿಸಿ ಒಡೆಯುವ ಕೋಕರ್ ಘಟಕ ಇರುವ ಕಡೆ ಎಣ್ಣೆಗೆಸರನ್ನು ಅದಕ್ಕೇ ಉಣಿಸಬಹುದು. ಉಳಿದದ್ದನ್ನು ಸೂಕ್ಷ್ಮಾಣುಗಳಿಗೆ ಬಿಡಬಹುದು. ಡೀಸೆಲಿನ ಗಂಧಕ ತೆಗೆಯುವ ವೇಗವರ್ಧಕ ಹಳತಾದ ಮೇಲೆ ಅದರಲ್ಲಿ ಮಾಲಿಬ್ಡಿನಂ, ಕೋಬಾಲ್ಟ್, ನಿಕಲ್ ಉಳಿದಿರುತ್ತವೆ, ಮರಳಿ ತೆಗೆಯುವವರಿದ್ದಾರೆ. ಇವೆಲ್ಲ ಮಾಡಲೇಬೇಕಾದ ಕೆಲಸ. ಆದರೂ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕೆಲಸ. ಟ್ಯಾಂಕಿನೊಳಗೆ ಕಲಕುವ ಮಿಕ್ಸರ್ ಸರಿಯಾಗಿ ತಿರುಗುತ್ತಿದ್ದರೆ ತಳದಲ್ಲಿ ಅಷ್ಟು ಕೆಸರು ಕೂರುವುದೇ ಇಲ್ಲ.

ಇನ್ನು ಗಾಳಿಯ ಮಾತು. ರಾತ್ರಿ ದೂರದಿಂದ ರಿಫೈನರಿ ನೋಡಿದವರಿಗೆ ಮೊದಲು ಕಾಣುವುದು ಫ್ಲೇರಿನ ಜ್ವಾಲೆ. ಅದು ಸುರಕ್ಷತೆಯ ಬಾಗಿಲು. ಒತ್ತಡ ಏರಿದಾಗ ಅನಿಲ ಸಿಡಿಯುವ ಬದಲು ಉರಿದು ಹೋಗಲಿ ಎಂದು ಇಟ್ಟದ್ದು. ಸಣ್ಣ ಪೈಲಟ್ ಜ್ವಾಲೆ ಸದಾ ಇರಲೇಬೇಕು, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಪ್ರಶ್ನೆ ಇರುವುದು ತಿಂಗಳುಗಟ್ಟಲೆ ಆಳೆತ್ತರಕ್ಕೂ ಮೀರಿ ಉರಿಯುವ ಜ್ವಾಲೆಯ ಬಗ್ಗೆ. ಎಲ್ಲೋ ಸರಿಯಾಗಿ ಕೂರದ ಸೇಫ್ಟಿ ವಾಲ್ವ್ ಸೋರುತ್ತಿದೆ, ಅಥವಾ ಅನಿಲವನ್ನು ಹಿಡಿದು ಕುಲುಮೆಗೆ ಮರಳಿಸುವ ಕಂಪ್ರೆಸರ್ ಕೆಟ್ಟು ಬಿದ್ದಿದೆ ಎಂದು ಅದರ ಅರ್ಥ. ಅದು ನೀವು ಹಣ ಕೊಟ್ಟು ತಂದ ಇಂಧನ, ಗೊತ್ತಿರಲಿ.

ಫ್ಲೇರಿನ ಬಗ್ಗೆ ಹೊರಗಿನವರಿಗೆ ತಿಳಿಯದ ಒಂದು ಗುಟ್ಟಿದೆ. ಜ್ವಾಲೆಯಿಂದ ಕಪ್ಪು ಹೊಗೆ ಬಂದರೆ ಕೂಡಲೇ ಫೋನು ಬರುತ್ತದೆ, ಹಾಗಾಗಿ ಆಪರೇಟರ್ ತುದಿಗೆ ಹಬೆ ಬಿಡುತ್ತಾನೆ. ಹಬೆ ಗಾಳಿಯನ್ನು ಎಳೆದು ಬೆರೆಸುತ್ತದೆ, ಹೊಗೆ ನಿಲ್ಲುತ್ತದೆ. ಅಲ್ಲಿಗೆ ಸರಿ. ಆದರೆ ಫೋನಿನ ಭಯಕ್ಕೆ ಅವನು ಹಬೆಯನ್ನು ಇನ್ನೂ ನಾಲ್ಕು ಸುತ್ತು ಹೆಚ್ಚು ತಿರುಗಿಸಿಡುತ್ತಾನೆ. ಆಗ ಜ್ವಾಲೆ ತಣಿಯುತ್ತದೆ, ಅನಿಲದ ಒಂದು ಪಾಲು ಉರಿಯದೆಯೇ ಹೊರಟುಹೋಗುತ್ತದೆ. ನೋಡಲು ಬಲು ಚೊಕ್ಕ, ಹೊಗೆಯ ಎಳೆಯೂ ಇಲ್ಲ. ಫ್ಲೇರ್ ತನಗೆ ಬಂದದ್ದರಲ್ಲಿ ಶೇ. 98ರಷ್ಟನ್ನು ಸುಡುತ್ತದೆ ಎಂದು ಲೆಕ್ಕ ಹಾಕುವುದು ವಾಡಿಕೆ. ಹಬೆ ಹೆಚ್ಚಾದ ಹೊತ್ತಿಗೆ ಆ ಲೆಕ್ಕ ನಿಲ್ಲುವುದಿಲ್ಲ. ಕಣ್ಣಿಗೆ ಕಾಣುವುದನ್ನಷ್ಟೇ ಕೇಳಿದರೆ ಕಣ್ಣಿಗೆ ಕಾಣುವುದನ್ನಷ್ಟೇ ಸರಿ ಮಾಡುತ್ತಾರೆ.

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ವಾಯು ಗುಣಮಟ್ಟ ಆಡಳಿತ 2003ರಲ್ಲಿ ರಿಫೈನರಿಗಳಿಗೆ ಫ್ಲೇರಿಗೆ ಹೋಗುವ ಅನಿಲ ಅಳೆಯಲೇಬೇಕು ಎಂದು ನಿಯಮ ಮಾಡಿತು. ಎರಡು ವರ್ಷದ ಮೇಲೆ, 2005ರಲ್ಲಿ, ಉರಿಸುವುದನ್ನು ತಗ್ಗಿಸುವ ಯೋಜನೆ ಬರೆದು ಕೊಡಿ, ದೊಡ್ಡದಾಗಿ ಉರಿದಾಗಲೆಲ್ಲ ಕಾರಣ ಹುಡುಕಿ ವರದಿ ಕೊಡಿ ಎಂದಿತು. ಮೊದಲು ಅಳತೆ, ಆಮೇಲೆ ಕಡಿತ. ಈ ಕ್ರಮ ನನಗೆ ಹಿಡಿಸಿತು. ನಮ್ಮಲ್ಲಿ ಆ ಕಾಲಂ ಇರಲಿಲ್ಲ ಎಂದೆನಲ್ಲ, ಅಲ್ಲಿ ಅದನ್ನು ಕಾನೂನೇ ಹಾಕಿಸಿತು.

ಗಂಧಕದ ಲೆಕ್ಕವನ್ನು ನೀವು ಕಾಗದ ಪೆನ್ನು ಹಿಡಿದು ನನ್ನ ಜೊತೆಗೇ ಮಾಡಿ. 2020ರ ಜನವರಿ 1ರಿಂದ ಹಡಗುಗಳ ಇಂಧನದಲ್ಲಿ ಗಂಧಕದ ಮಿತಿ ಶೇ. 3.5ರಿಂದ 0.5ಕ್ಕೆ ಇಳಿಯಿತು. ವಾಹನಗಳ ಡೀಸೆಲಿನಲ್ಲಿ ಹಲವು ದೇಶಗಳು 10 ಪಿಪಿಎಂಗೆ, ಅಂದರೆ ಹತ್ತು ಲಕ್ಷಕ್ಕೆ ಹತ್ತು ಪಾಲಿಗೆ, ಬಂದಿವೆ. ಒಳ್ಳೆಯದೇ, ನಗರಗಳ ಗಾಳಿಗೆ ಅನುಕೂಲ. ಆದರೆ ಇಂಧನದಿಂದ ತೆಗೆದ ಗಂಧಕ ಮಾಯವಾಗುವುದಿಲ್ಲ, ಹೈಡ್ರೋಜನ್ ಸಲ್ಫೈಡ್ ರೂಪದಲ್ಲಿ ರಿಫೈನರಿಯೊಳಗೇ ಉಳಿಯುತ್ತದೆ. ಅದನ್ನು ಹಳದಿ ಗಂಧಕವಾಗಿ ಮಾಡುವ ವಿಧಾನಕ್ಕೆ ಕಾರ್ಲ್ ಫ್ರೀಡ್ರಿಚ್ ಕ್ಲಾಸ್ 1883ರಲ್ಲೇ ಪೇಟೆಂಟ್ ಪಡೆದಿದ್ದ. ಇಂದಿಗೂ ಅದರದ್ದೇ ಸುಧಾರಿತ ರೂಪ ನಡೆಯುತ್ತಿದೆ. ದೊಡ್ಡ ರಿಫೈನರಿಯೊಂದರಲ್ಲಿ ದಿನಕ್ಕೆ 500 ಟನ್ ಗಂಧಕ ಈ ಘಟಕಕ್ಕೆ ಬರುತ್ತದೆ ಎಂದಿಟ್ಟುಕೊಳ್ಳಿ. ಕ್ಲಾಸ್ ಘಟಕ ಒಂದೇ ಇದ್ದು ಶೇ. 97ರಷ್ಟು ಹಿಡಿದರೆ 15 ಟನ್ ಉಳಿಯುತ್ತದೆ. ಉರಿದು ಸಲ್ಫರ್ ಡೈಆಕ್ಸೈಡ್ ಆದಾಗ ತೂಕ ಇಮ್ಮಡಿ, ದಿನಕ್ಕೆ 30 ಟನ್. ಬಾಲದ ಅನಿಲವನ್ನೂ, ಅಂದರೆ ಕ್ಲಾಸ್ ಘಟಕದ ಕೊನೆಯಲ್ಲಿ ಉಳಿದು ಬರುವ ಅನಿಲವನ್ನೂ, ಶುದ್ಧ ಮಾಡುವ ಇನ್ನೊಂದು ಹಂತ ಸೇರಿಸಿ 99.9ಕ್ಕೆ ಏರಿಸಿದರೆ ದಿನಕ್ಕೆ 1 ಟನ್ ಮಾತ್ರ. ಶೇಕಡಾ ಮೂರರಷ್ಟೂ ಇಲ್ಲದ ಸುಧಾರಣೆ ಎಂದು ಕಡತದಲ್ಲಿ ಬರೆಯುತ್ತೀರಿ, ಹೊರಗಿನ ಗಾಳಿಗೆ ಅದು ಮೂವತ್ತರಲ್ಲಿ ಒಂದು.

ಈಗ ಆ ಘಟಕ ಟ್ರಿಪ್ ಆಯಿತು, ಅಂದರೆ ಇದ್ದಕ್ಕಿದ್ದಂತೆ ನಿಂತಿತು ಎನ್ನಿ. ಹಿಂದಿನ ಘಟಕಗಳ ವೇಗ ಇಳಿಸದೆ ಅನಿಲವನ್ನು ಒಂದು ಗಂಟೆ ಫ್ಲೇರಿಗೆ ತಿರುಗಿಸಿದರೆ ಸುಮಾರು 21 ಟನ್ ಗಂಧಕ, ಅಂದರೆ 42 ಟನ್ ಸಲ್ಫರ್ ಡೈಆಕ್ಸೈಡ್. ಚೆನ್ನಾಗಿ ನಡೆಯುತ್ತಿದ್ದಾಗಿನ 40ಕ್ಕೂ ಹೆಚ್ಚು ದಿನದ ಹೊರೆ ಒಂದೇ ಗಂಟೆಯಲ್ಲಿ. ತಿಂಗಳ ಸರಾಸರಿ ತೋರಿಸಿ ‘ಮಿತಿಯೊಳಗಿದೆ’ ಎನ್ನುವುದು ಈ ಕಾರಣಕ್ಕೆ ನನಗೆ ಒಪ್ಪಿಗೆಯಾಗುವುದಿಲ್ಲ. ಉಸಿರಾಡುವವರು ಸರಾಸರಿಯನ್ನು ಉಸಿರಾಡುವುದಿಲ್ಲ, ಆ ಗಂಟೆಯನ್ನು ಉಸಿರಾಡುತ್ತಾರೆ. ಗಂಧಕ ಘಟಕ ಒಂದು ನಿಂತರೆ ಹೊರೆ ಹೊರಲು ಇನ್ನೊಂದು ಸಿದ್ಧವಿದೆಯೇ? ಹೈಡ್ರೋಜನ್ ಸಲ್ಫೈಡ್ ಕರಗಿರುವ ಹುಳಿನೀರನ್ನು ತಾತ್ಕಾಲಿಕವಾಗಿ ತುಂಬಿಡಲು ಟ್ಯಾಂಕ್ ಖಾಲಿ ಇದೆಯೇ? ಡೀಸೆಲ್ ಘಟಕದ ವೇಗವನ್ನು ಎಷ್ಟು ನಿಮಿಷದಲ್ಲಿ ಎಷ್ಟಕ್ಕೆ ಇಳಿಸಬೇಕು ಎಂದು ಶಿಫ್ಟ್ ಇಂಜಿನಿಯರನ ಮೇಜಿನ ಮೇಲೆ ಬರೆದಿದೆಯೇ, ಇಳಿಸಿದರೆ ಮರುದಿನ ಬೈಗುಳ ತಿನ್ನದಿರುವ ಭರವಸೆ ಅವನಿಗಿದೆಯೇ? ಕೊನೆಯದೇ ಮುಖ್ಯ ಪ್ರಶ್ನೆ.

ಸೋರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಕ್ಷಾಂತರ ಫ್ಲಾಂಜು (ಪೈಪುಗಳ ಜೋಡಣೆ), ವಾಲ್ವು, ಪಂಪ್ ಸೀಲುಗಳಿರುವ ಜಾಗ, ಹನಿಹನಿಗೂಡಿದರೆ ಹಳ್ಳ. ಆದರೆ ಎಲ್ಲವೂ ಸಮನಾಗಿ ಸೋರುವುದಿಲ್ಲ, ಬೆರಳೆಣಿಕೆಯ ಭಾಗಗಳೇ ಹೆಚ್ಚಿನದನ್ನು ಬಿಡುತ್ತಿರುತ್ತವೆ. ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದು ಸುತ್ತು ಹಾಕಿದರೆ ಅವು ಹೊಗೆಯಾಡುವಂತೆ ಕಾಣುತ್ತವೆ. ಮೊದಲ ಸಲ ಅದರಲ್ಲಿ ನೋಡಿದಾಗ, ವರ್ಷಗಟ್ಟಲೆ ನಾನು ಪಕ್ಕದಲ್ಲೇ ನಿಂತು ಸ್ಯಾಂಪಲ್ ತೆಗೆದಿದ್ದ ಒಂದು ವಾಲ್ವಿನ ಕತ್ತಿನಿಂದ ಆವಿ ಬುಸುಗುಡುತ್ತಿತ್ತು. ನನಗೆ ವಾಸನೆಯೇ ಬಂದಿರಲಿಲ್ಲ. ಒಳಗಿನವರ ಮೂಗು ಹಾಗೆಯೇ, ಒಗ್ಗಿಹೋಗುತ್ತದೆ. ಹೈಡ್ರೋಜನ್ ಸಲ್ಫೈಡ್ ಅಂತೂ 100 ಪಿಪಿಎಂ ಹತ್ತಿರ ಬಂದಾಗ ಮೂಗನ್ನೇ ಸಾಯಿಸುತ್ತದೆ, ವಾಸನೆ ಹೋಯಿತು ಎಂದು ನಂಬಿದವನು ನೆಲಕ್ಕೆ ಬೀಳುತ್ತಾನೆ. ಬೇಲಿಯಾಚೆಯವರು ‘ವಾಸನೆ’ ಎಂದು ಫೋನ್ ಮಾಡಿದಾಗ ‘ನಮಗೇನೂ ಬರುತ್ತಿಲ್ಲ’ ಎಂದು ಉತ್ತರಿಸುವ ಮೊದಲು ಇದು ನೆನಪಿರಲಿ.

ಸೋರುವ ಪೈಪನ್ನು ನಡೆಸುತ್ತಲೇ ಸರಿಪಡಿಸುತ್ತೇವೆ ಎಂಬ ಧೈರ್ಯದ ಬೆಲೆಯೂ ದಾಖಲೆಯಲ್ಲಿದೆ. 2012ರ ಆಗಸ್ಟ್ 6ರಂದು ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನ ರಿಫೈನರಿಯಲ್ಲಿ ಗಂಧಕದ ಸವೆತದಿಂದ ತೆಳುವಾಗಿದ್ದ ಎಂಟು ಇಂಚಿನ ಪೈಪೊಂದು ತೊಟ್ಟಿಕ್ಕತೊಡಗಿತು. ಘಟಕ ನಿಲ್ಲಿಸದೆ ಸೋರುವ ಜಾಗ ಹುಡುಕುತ್ತಿದ್ದಾಗ ಪೈಪ್ ಒಡೆಯಿತು. ಆವಿಯ ಮೋಡದೊಳಗೆ ಸಿಕ್ಕ 19 ಕೆಲಸಗಾರರೂ ಬದುಕಿ ಬಂದರು. ಆವಿಗೆ ಬೆಂಕಿ ಹತ್ತಿ, ಹೊಗೆ ಊರ ಮೇಲೆ ಹಬ್ಬಿ, ಮುಂದಿನ ವಾರಗಳಲ್ಲಿ ಸುಮಾರು 15,000 ಜನ ಆಸ್ಪತ್ರೆ ಬಾಗಿಲಿಗೆ ಹೋದರು. ಶುರುವಾದದ್ದು ಒಂದು ತೊಟ್ಟಿನಿಂದ.

ಪರವಾನಗಿ ಕೊಡುವ ಅಧಿಕಾರಿಗಳೇ, ನಿಮಗೆ ಬೇರೆಯಾಗಿ ಎರಡು ಮಾತು. ಹೊರನೀರಿನಲ್ಲಿ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂಬ ಮಿತಿ ಮಾತ್ರ ಹಾಕಿದರೆ ಅದರಿಂದ ನುಣುಚಿಕೊಳ್ಳುವ ಸುಲಭ ದಾರಿ ಯಾವುದು ಎಂದು ಇಟಿಪಿಯವರಿಗೆಲ್ಲ ಗೊತ್ತು: ಒಳ್ಳೆಯ ನೀರು ಬೆರೆಸುವುದು. ಎಣ್ಣೆ ಅಷ್ಟೇ, ನೀರು ಹೆಚ್ಚು, ಪರೀಕ್ಷೆಯಲ್ಲಿ ಪಾಸು, ಮೇಲೆ ಶುದ್ಧ ನೀರೂ ಹಾಳು. ಸಂಸ್ಕರಿಸಿದ ಪ್ರತಿ ಸಾವಿರ ಟನ್ ಕಚ್ಚಾ ತೈಲಕ್ಕೆ ಒಟ್ಟು ಎಷ್ಟು ಕಿಲೊ ಎಣ್ಣೆ, ಎಷ್ಟು ಕಿಲೊ ಫೀನಾಲ್ ಎಂಬ ವಿಷ ಹೊರಬಿಟ್ಟಿರಿ ಎಂದು ಕೇಳಿ. ಬೆರೆಸುವ ಆಟ ಅಲ್ಲಿಗೆ ನಿಲ್ಲುತ್ತದೆ. ತಪಾಸಣೆಗೆ ಬರುವಾಗಲೂ ಹೊರಗೇಟಿನ ಬಾಟಲಿ ತುಂಬಿಕೊಂಡು ಹೋಗಬೇಡಿ. ಟ್ಯಾಂಕುಗಳ ಬುಡಕ್ಕೆ, ಡೀಸಾಲ್ಟರಿನ ನೀರು ಬೀಳುವ ಗುಂಡಿಗೆ ನಡೆಯಿರಿ. ಬರುವ ದಿನ ಮೊದಲೇ ತಿಳಿಸದಿದ್ದರೆ ಇನ್ನೂ ಚೆನ್ನ. ನೀವು ಬರುತ್ತೀರಿ ಎಂದು ಗೊತ್ತಾದ ದಿನ ನಮ್ಮಲ್ಲಿ ಟ್ಯಾಂಕ್ ಬಸಿಯುವುದನ್ನೇ ಮುಂದೂಡುತ್ತಿದ್ದರು.

ಎರಡನೆಯದು ಬೇಲಿಯ ಮೇಲಿನ ಅಳತೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2015ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಅಲ್ಲಿನ ರಿಫೈನರಿಗಳು ತಮ್ಮ ಗಡಿಯ ಸುತ್ತ ಸಣ್ಣ ಕೊಳವೆಗಳನ್ನು ನೇತುಹಾಕಿ ಬೆಂಜೀನ್ ಅಳೆಯಬೇಕು. ಎರಡು ವಾರಕ್ಕೊಮ್ಮೆ ಕೊಳವೆ ಬದಲಾಗುತ್ತದೆ. ಗಡಿಯ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ಅಂತರ ವಾರ್ಷಿಕ ಸರಾಸರಿಯಲ್ಲಿ ಘನ ಮೀಟರಿಗೆ 9 ಮೈಕ್ರೋಗ್ರಾಂ ದಾಟಿದರೆ ಕಾರಣ ಹುಡುಕಿ ಸರಿಪಡಿಸಬೇಕು. ಅಂಕಿಗಳು ಸಾರ್ವಜನಿಕರಿಗೂ ತೆರೆದಿರುತ್ತವೆ. ಬೆಂಜೀನ್ ಕ್ಯಾನ್ಸರ್‌ಕಾರಕ, ಅದರಲ್ಲಿ ಅನುಮಾನವಿಲ್ಲ. ಈ ಅಳತೆಗೆ ಬೇಕಾದದ್ದು ಬೆರಳುದ್ದದ ಕೊಳವೆ, ಮಳೆ ತಾಗದಂತೆ ಒಂದು ಟೋಪಿ, ಒಂದು ಪ್ರಯೋಗಾಲಯ. ವಿದ್ಯುತ್ತೂ ಬೇಡ. ದುಬಾರಿ ಎಂಬ ನೆಪ ಇಲ್ಲಿ ನಡೆಯದು.

ಕಂಪನಿಗಳ ಹಿರಿಯರೇ, ಇದೆಲ್ಲವನ್ನೂ ನಾಳೆಯೇ ಮಾಡಿ ಎನ್ನುವಷ್ಟು ತಿಳಿಗೇಡಿ ನಾನಲ್ಲ. ಬಾಲದ ಅನಿಲದ ಘಟಕಕ್ಕೆ ವರ್ಷಗಳು ಬೇಕು, ಹಣವೂ ಬೇಕು. ಟ್ಯಾಂಕ್ ಬಸಿಯುವ ವಾಲ್ವಿಗೆ ಮಾತ್ರ ಒಂದು ತಿಂಗಳು ಸಾಕು. ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ವಾಲ್ವ್ ಸಿಗುತ್ತದೆ. ಅದನ್ನು ಹಿಡಿದು ನಿಲ್ಲಲು ಒಬ್ಬ ಮನುಷ್ಯನನ್ನೂ ಕೊಡಿ, ಇಲ್ಲದಿದ್ದರೆ ಹುಡುಗರು ಹಿಡಿಗೆ ತಂತಿ ಕಟ್ಟಿ ಹೋಗುತ್ತಾರೆ. ನಾನೇ ಕಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ. ಮೆಲ್ಲಗೆ ಬಸಿಯಲು ಸಮಯ ಕೊಡಿ. ವಾಲ್ವ್ ಪೂರ್ತಿ ತೆರೆದರೆ ಸುಳಿ ಎದ್ದು, ನೀರು ಇನ್ನೂ ಇರುವಾಗಲೇ ಅದು ಮೇಲಿನ ಎಣ್ಣೆಯನ್ನು ಸೆಳೆದುಕೊಳ್ಳುತ್ತದೆ. ಆಮೇಲೆ ಇಟಿಪಿಯ ಲಾಗ್ ಬುಕ್ ಮುದ್ರಿಸುವವರಿಗೆ ಹೇಳಿ ಎರಡು ಕಾಲಂ ಹೆಚ್ಚು ಹಾಕಿಸಿ: ‘ಎಲ್ಲಿಂದ ಬಂತು’, ‘ಎಷ್ಟು’. ಮೂರು ತಿಂಗಳು ತುಂಬಿದ ಪುಟಗಳನ್ನು ಹಾಗೆಯೇ, ತಿದ್ದದೆ, ನೋಟಿಸ್ ಬೋರ್ಡಿಗೂ ನಿಮ್ಮ ವಾರ್ಷಿಕ ವರದಿಗೂ ಹಾಕಿ. ಪುಟ ತುಂಬಿದ ಆಪರೇಟರನ ಮೇಲೆ ಮೆಮೊ ಬೇಡ.

ಇಂತಿ,
ಇಟಿಪಿಯ ಒಬ್ಬ ನಿವೃತ್ತ ಪಾಳಿ ಮೇಲ್ವಿಚಾರಕ